ಚಾಕುವಿನ ಬೆನ್ನು: ಜಪಾನಿನ ಅಡುಗೆ ಚಾಕು ಕೈಗೆ ಒಗ್ಗುವುದು ಹೇಗೆ

(ಅಡುಗೆ ಸಲಕರಣೆಗಳಲ್ಲಿ ಆಸಕ್ತಿ ಇರುವವರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಚಾಕು ಇಟ್ಟಿದ್ದೇನೆ. ಎರಡೂ ಗ್ಯೂಟೋ. ಜಪಾನಿನವರು ಮಾಂಸಕ್ಕೂ ತರಕಾರಿಗೂ ಬಳಸುವ, ಎರಡೂ ಬದಿ ಮಸೆದ ಉದ್ದನೆಯ ಚಾಕು ಇದು. ಎರಡರ ಅಲಗೂ 210 ಮಿಲಿಮೀಟರ್. ಎರಡನ್ನೂ ಇವತ್ತು ಬೆಳಿಗ್ಗೆ ಒಂದೇ ಕಲ್ಲಿನ ಮೇಲೆ ಮಸೆದು ತಂದಿದ್ದೇನೆ. ಟೊಮೆಟೊ ಮೇಲೆ ಇಟ್ಟರೆ ಎರಡೂ ಒಂದೇ ಥರ ಇಳಿಯುತ್ತವೆ. ಆದರೂ ಅರ್ಧ ಗಂಟೆ ಈರುಳ್ಳಿ ಹೆಚ್ಚಿದ ಮೇಲೆ ನೀವೇ ಒಂದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತೀರಿ. ಯಾಕೆ ಅಂತ ತಿಳಿಯಬೇಕಾದರೆ ಚಾಕುವನ್ನು ತಿರುಗಿಸಿ ಬೆನ್ನು, ಅಂದರೆ ಹರಿತವಿಲ್ಲದ ಮೇಲ್ಬದಿ, ನೋಡಬೇಕು.

ದಯವಿಟ್ಟು ಒಬ್ಬೊಬ್ಬರಾಗಿ ಕೈಗೆ ತೆಗೆದುಕೊಂಡು ನೋಡಿ. ಹೆಬ್ಬೆರಳಿನ ಉಗುರನ್ನು ಬೆನ್ನಿನ ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಮೊದಲನೇ ಚಾಕುವಿನಲ್ಲಿ ಉಗುರು ಸರ್ರನೆ ಜಾರುತ್ತದೆ. ಎರಡನೆಯದರಲ್ಲಿ ಕೆರೆಯುತ್ತದೆ. ಉಗುರಿನ ಮೇಲಿಂದ ಬಿಳಿ ಪುಡಿ ಎದ್ದು ಬರುತ್ತದೆ. ಉಗುರನ್ನೇ ಕೆರೆಯುವ ಅಂಚು ಬೆರಳಿನ ಚರ್ಮವನ್ನು ಸುಮ್ನೆ ಬಿಡುತ್ತದೆಯೇ?

ಚಾಕು ಕೊಳ್ಳುವವರು ಉಕ್ಕಿನ ಬಗ್ಗೆ ಕೇಳುತ್ತಾರೆ. ಜಪಾನಿನ ಕಾರ್ಬನ್ ಉಕ್ಕುಗಳಲ್ಲಿ ಶಿರೋಗಾಮಿ ಒಳ್ಳೆಯದೋ ಆವೋಗಾಮಿ ಒಳ್ಳೆಯದೋ, ತುಕ್ಕು ಹಿಡಿಯುತ್ತದೋ ಇಲ್ಲವೋ, ಎಷ್ಟು ದಿನ ಹರಿತ ನಿಲ್ಲುತ್ತದೆ. ಹಿಡಿಯ ಮರದ ಬಗ್ಗೆಯೂ ಕೇಳುತ್ತಾರೆ. ಬೆನ್ನಿನ ಬಗ್ಗೆ ಕೇಳುವವರು ಕಡಿಮೆ. ಚಾಕುವಿನ ಆ ಭಾಗ ದಿನವಿಡೀ ಮುಟ್ಟುವುದು ತರಕಾರಿಯನ್ನಲ್ಲ, ನಿಮ್ಮ ಬೆರಳನ್ನು. ಅದರ ಬಗ್ಗೆಯೇ ವಿಚಾರಿಸದೆ ದುಡ್ಡು ಕೊಟ್ಟು ಬರುತ್ತೇವೆ.

ನಾನು ಇವತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದು ವಿಷಯ. ಬೆನ್ನಿನ ಅಂಚು ಮುರಿದು, ಅಂದರೆ ಅದರ ಚೂಪನ್ನು ಉಜ್ಜಿ ತೆಗೆದು, ನುಣುಪು ಮಾಡುವುದು ಬರೀ ಆರಾಮಕ್ಕೆ, ಒಂಥರಾ ಶೋಕಿಗೆ ಅಂತ ಕೆಲವರು ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದು ಮೊದಲು ಹತೋಟಿಯ ವಿಷಯ. ಕೈ ನೋಯದಿದ್ದರೆ ಬೆರಳು ಸರಿಯಾದ ಜಾಗದಲ್ಲಿ ಕೂರುತ್ತದೆ, ಹಿಡಿತ ಸಡಿಲವಾಗಿರುತ್ತದೆ, ಚಾಕು ಹೇಳಿದ ಹಾಗೆ ಕೇಳುತ್ತದೆ. ಹಾಗಂತ ಎಲ್ಲ ಚಾಕುವಿನ ಬೆನ್ನನ್ನೂ ಒಂದೇ ಥರ ದುಂಡಗೆ ಮಾಡಿದರೆ ಆಗುವುದಿಲ್ಲ. ಕೆಲವದರಲ್ಲಿ ಇರುವ ಹತೋಟಿಯೂ ಹೋಗಿಬಿಡುತ್ತದೆ. ಎಲ್ಲಿ, ಎಷ್ಟು, ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಹಿಡಿತ. ನಮ್ಮಲ್ಲಿ ತುಂಬಾ ಮನೆಗಳಲ್ಲಿ ಚಾಕುವಿಗಿಂತ ಮೊದಲು ಈಳಿಗೆ ಮಣೆ ಇತ್ತು. ಅಲ್ಲಿ ಅಲಗು ನಿಂತಲ್ಲೇ ನಿಂತಿರುತ್ತದೆ, ತರಕಾರಿ ಹಿಡಿದ ಕೈ ಓಡಾಡುತ್ತದೆ. ಅಲಗಿನ ಬೆನ್ನಿಗೂ ಕೈಗೂ ಸಂಬಂಧವೇ ಇಲ್ಲ. ಹಾಗಾಗಿ ಚಾಕು ಹಿಡಿದಾಗಲೂ ನಾವು ಬರೀ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತೇವೆ, ಅಲಗನ್ನು ಮುಟ್ಟುವುದಿಲ್ಲ. ಚಿಕ್ಕ ಚಾಕುವಿಗೆ ಅದು ನಡೆಯುತ್ತದೆ. 210, 240 ಮಿಲಿಮೀಟರಿನ ಗ್ಯೂಟೋ ಹಾಗೆ ಹಿಡಿದರೆ ಭಾರವೆಲ್ಲ ಮುಂದಕ್ಕೆ ಬಾಗಿ ಮೊನೆ ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗುವುದಿಲ್ಲ. ಜಪಾನಿನ ಸಾಂಪ್ರದಾಯಿಕ ಹಿಡಿಯನ್ನು ಹೆಚ್ಚಾಗಿ ಹೋ ಎಂಬ ಹಗುರವಾದ ಮರದಿಂದ ಮಾಡುತ್ತಾರೆ. ಹಿಡಿ ಹಗುರವಾದಷ್ಟೂ ತೂಕದ ನಡುಬಿಂದು ಅಲಗಿನ ಕಡೆಗೆ ಸರಿಯುತ್ತದೆ. ಚಾಕುವನ್ನು ಆ ಬಿಂದುವಿನ ಹತ್ತಿರವೇ ಹಿಡಿಯಬೇಕು.

ಅದಕ್ಕೆ ವೃತ್ತಿಪರ ಅಡುಗೆಯವರು ಅಲಗನ್ನು ಚಿವುಟಿ ಹಿಡಿಯುತ್ತಾರೆ. ಹಿಡಿ ಮುಗಿದು ಅಲಗು ಶುರುವಾಗುವ ಜಾಗದಲ್ಲಿ, ಒಂದು ಬದಿಗೆ ಹೆಬ್ಬೆರಳು, ಇನ್ನೊಂದು ಬದಿಗೆ ಮಡಿಸಿದ ತೋರುಬೆರಳು. ಉಳಿದ ಮೂರು ಬೆರಳು ಹಿಡಿಯನ್ನು ಸುಮ್ಮನೆ ಸುತ್ತಿಕೊಂಡಿರುತ್ತವೆ. ನೀವೂ ಈಗ ಪೆನ್ನನ್ನೋ ಸ್ಕೇಲನ್ನೋ ಹಾಗೆ ಹಿಡಿದು ನೋಡಿ. ಸ್ಕೇಲಿನ ಮೇಲಂಚು ಎಲ್ಲಿ ತಾಗುತ್ತಿದೆ? ತೋರುಬೆರಳಿನ ಬುಡದ ಹತ್ತಿರ, ಬದಿಯಲ್ಲಿ, ಅಲ್ವಾ? ಚಾಕುವಿನ ಬೆನ್ನಿನ ಅಂಚು ಕೂರುವುದೂ ಅಲ್ಲೇ. ದಿನವಿಡೀ ಹೆಚ್ಚುವ ಅಡುಗೆಯವರ ಕೈ ನೋಡಿ, ಆ ಜಾಗ ಜಡ್ಡುಗಟ್ಟಿರುತ್ತದೆ. ಬೆರಳಿನ ಎರಡೂ ಬದಿಯಲ್ಲಿ ಚರ್ಮದ ಕೆಳಗೇ ನರ ಹಾದುಹೋಗುತ್ತದೆ. ಜಡ್ಡುಗಟ್ಟುವುದಕ್ಕೂ ಮೊದಲು ಜುಮ್ಮೆನ್ನುವುದು ಅದಕ್ಕೇ. ಮಸೆಯಲು ನನ್ನ ಹತ್ತಿರ ಬಂದ ಚಾಕುಗಳಲ್ಲಿ ಬೆನ್ನಿಗೆ ಬ್ಯಾಂಡೇಜ್ ಪಟ್ಟಿ ಸುತ್ತಿದ್ದನ್ನು ನೋಡಿದ್ದೇನೆ. ಪಟ್ಟಿಯ ಕೆಳಗೆ ನೀರು ನಿಂತು ತುಕ್ಕು. ಅಂಚು ಮುರಿಯಲು ಹತ್ತು ನಿಮಿಷದ ಕೆಲಸ ಸಾಕಾಗಿತ್ತು.

ಈಗ ಹತೋಟಿಯ ಮಾತು. ನೋವಾದಾಗ ಬೆರಳು ಏನು ಮಾಡುತ್ತದೆ? ನಮಗೆ ಗೊತ್ತಿಲ್ಲದೆಯೇ ಸರಿಯುತ್ತದೆ. ತೋರುಬೆರಳಿನ ಬುಡ ಬೆನ್ನಿನಿಂದ ಸ್ವಲ್ಪ ದೂರ ಹೋಗುತ್ತದೆ. ಆಗ ಅಲಗನ್ನು ಹಿಡಿದಿರುವುದು ಹೆಬ್ಬೆರಳಿನ ತುದಿ, ತೋರುಬೆರಳಿನ ತುದಿ, ಇವೆರಡೇ. ಎರಡು ಬಿಂದುವಿನ ನಡುವೆ ಸಿಕ್ಕಿಸಿದ ಹಲಗೆ ತಿರುಗುತ್ತದೆ. ಗಟ್ಟಿ ಕ್ಯಾರೆಟ್ಟಿನಲ್ಲಿ ಅಲಗು ಇಳಿಯುವಾಗ ಬದಿಗೆ ವಾಲುತ್ತದೆ, ಹೋಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಆ ತಿರುಗುವಿಕೆ ತಡೆಯಲು ನಾವು ಇನ್ನೂ ಬಿಗಿಯಾಗಿ ಹಿಡಿಯುತ್ತೇವೆ. ಬಿಗಿ ಹಿಡಿದಷ್ಟೂ ಮುಂಗೈ ಸೋಲುತ್ತದೆ, ಅಂಚು ಇನ್ನೂ ಚುಚ್ಚುತ್ತದೆ. ಬೆನ್ನಿನ ಅಂಚು ಮುರಿದಿದ್ದರೆ ಬೆರಳಿನ ಬುಡ ಅದಕ್ಕೆ ಒರಗಿ ಕೂರುತ್ತದೆ. ಹಿಡಿತಕ್ಕೆ ಮೂರನೇ ಆಸರೆ ಸಿಕ್ಕ ಹಾಗಾಯಿತು. ಇನ್ನು ಹಿಂಡಿ ಹಿಡಿಯುವ ಅಗತ್ಯ ಇಲ್ಲ.

ಹಾಗಾದರೆ ತಯಾರಕರೇ ಯಾಕೆ ಅಂಚು ಮುರಿದು ಕೊಡುವುದಿಲ್ಲ? ಕೊಡುವವರು ಕೊಡುತ್ತಾರೆ. ಅದು ಸಮಯದ ಪ್ರಶ್ನೆ. ಕಡಿಮೆ ಬೆಲೆಯ ಚಾಕುವನ್ನು ಉಕ್ಕಿನ ತಗಡಿನಿಂದ ಅಚ್ಚಿನಲ್ಲೋ ಲೇಸರಿನಲ್ಲೋ ಕತ್ತರಿಸಿ ತೆಗೆಯುತ್ತಾರೆ. ಆಮೇಲೆ ಎರಡು ಬದಿಯನ್ನೂ ಉಜ್ಜಿ ಇಳಿಜಾರು ಮಾಡುತ್ತಾರೆ. ಚಪ್ಪಟೆ ಬೆನ್ನು, ಚಪ್ಪಟೆ ಬದಿ, ಎರಡೂ ಸೇರುವ ಕಡೆ 90 ಡಿಗ್ರಿಯ ಅಂಚು ತಾನಾಗಿ ಹುಟ್ಟುತ್ತದೆ. ಅದನ್ನು ಮುರಿಯಲು ಇನ್ನೊಬ್ಬರು ಕೂತು ಕೆಲಸ ಮಾಡಬೇಕು. ಕೈಯಲ್ಲಿ ಬಡಿದು ಮಾಡುವ ಚಾಕುವಿನಲ್ಲೂ ಕಥೆ ಹೆಚ್ಚುಕಡಿಮೆ ಅದೇ. ಒಸಾಕಾ ಪ್ರಾಂತ್ಯದ ಸಕಾಯಿ ಊರಿನಲ್ಲಿ ಒಂದು ಚಾಕು ಒಬ್ಬರ ಕೈಯಲ್ಲಿ ಮುಗಿಯುವುದಿಲ್ಲ. ಕಾಯಿಸಿ ಬಡಿಯುವವರು ಬೇರೆ, ಮಸೆಯುವವರು ಬೇರೆ, ಹಿಡಿ ಕೂರಿಸುವವರು ಬೇರೆ. ಜಪಾನ್ ಸರ್ಕಾರ 1982ರಲ್ಲಿ ಸಕಾಯಿಯ ಈ ಕಸುಬನ್ನು ಸಾಂಪ್ರದಾಯಿಕ ಕರಕುಶಲ ಎಂದು ಗುರುತಿಸಿತು. ಫುಕುಯಿ ಪ್ರಾಂತ್ಯದ ಎಚಿಜೆನ್‌ಗೆ ಆ ಮನ್ನಣೆ 1979ರಲ್ಲೇ ಸಿಕ್ಕಿತ್ತು. ಅದೇ ಕೈಗಳಿಂದ ಬಂದ ಎರಡು ಚಾಕುಗಳಲ್ಲಿ ಒಂದರ ಬೆನ್ನು ಕನ್ನಡಿಯಂತೆ ಇರಬಹುದು, ಇನ್ನೊಂದರದು ಸಾಣೆ ಚಕ್ರದ ಗೀರುಗಳ ಸಮೇತ ಹಾಗೇ ಇರಬಹುದು. ಯಾವ ಬೆಲೆಗೆ ಮಾರಬೇಕು ಅನ್ನುವುದರ ಮೇಲೆ ಅದು ನಿಂತಿದೆ. ಅಂಗಡಿಯಲ್ಲಿ ಬಾಯಿಯ ಹರಿತ ನೋಡಿ ಮರುಳಾಗಬೇಡಿ. ಹರಿತ ಹೇಗೂ ನೀವು ಮತ್ತೆ ಮಾಡಿಕೊಳ್ಳುವುದೇ. ಬೆನ್ನು ನೋಡಿ, ಹಿಡಿಯ ಹತ್ತಿರ ಅಲಗು ಕೆಳಕ್ಕೆ ಇಳಿಯುವ ಆ ಸಣ್ಣ ನಿಲುವು ಅಂಚನ್ನು ನೋಡಿ. ನಡುಬೆರಳು ಒರಗುವುದು ಅಲ್ಲಿಗೇ. ಆ ಎರಡು ಕಡೆ ಗಮನ ಕೊಟ್ಟವರು ಒಳಗಿನ ಕೆಲಸದಲ್ಲೂ ಗಮನ ಕೊಟ್ಟಿರುತ್ತಾರೆ ಅನ್ನುವುದು ನನ್ನ ನಂಬಿಕೆ.

ಜಪಾನಿನ ಚಾಕುವಿನಲ್ಲಿ ಈ ತೊಂದರೆ ಜಾಸ್ತಿ ಕಾಣುವುದಕ್ಕೆ ಇನ್ನೊಂದು ಕಾರಣ ಉಂಟು. ಅವರ ಉಕ್ಕು ಗಟ್ಟಿ. ಲೋಹದ ಗಡಸುತನ ಹೇಳುವ ರಾಕ್‌ವೆಲ್ ಅಳತೆಯಲ್ಲಿ ಸಾಮಾನ್ಯವಾಗಿ 60ರಿಂದ 65. ಯುರೋಪಿನ ಅಡುಗೆ ಚಾಕುಗಳು ಸುಮಾರು 55ರಿಂದ 58. ಗಟ್ಟಿ ಉಕ್ಕನ್ನು ತೆಳ್ಳಗೆ ತೆಗೆದರೂ ಬಾಯಿ ಮಡಚಿಕೊಳ್ಳುವುದಿಲ್ಲ. ಹಾಗಾಗಿ ಅಲಗೂ ತೆಳು, ಬೆನ್ನೂ ತೆಳು. ಕೆಲವು ಗ್ಯೂಟೋಗಳ ಬೆನ್ನು 2 ಮಿಲಿಮೀಟರಿಗಿಂತ ಕಡಿಮೆ. ತರಕಾರಿಗೆ ಅದು ಸೊಗಸು. ಬೆರಳಿಗೆ ಅಷ್ಟೇ ಕಷ್ಟ.

ಒಂದು ಸಣ್ಣ ಲೆಕ್ಕ ಹಾಕೋಣ. ಸಿಹಿಗುಂಬಳ ಹೋಳು ಮಾಡುತ್ತಿದ್ದೀರಿ. ಎಡ ಅಂಗೈಯನ್ನು ಬೆನ್ನಿನ ಮೇಲಿಟ್ಟು ಒತ್ತುತ್ತಿದ್ದೀರಿ. ಬೆನ್ನಿನ ಅಗಲ 2 ಮಿಲಿಮೀಟರ್, ಅಂಗೈ ತಾಗಿರುವ ಉದ್ದ 20 ಮಿಲಿಮೀಟರ್ ಅಂದುಕೊಳ್ಳಿ. 40 ಚದರ ಮಿಲಿಮೀಟರ್ ಜಾಗದಲ್ಲಿ ಭಾರ ಹರಡಿದೆ. ಚಾಕು ಒಂಚೂರು ವಾಲಿತು. ಈಗ ತಾಗುತ್ತಿರುವುದು ಒಂದು ಅಂಚು ಮಾತ್ರ, ಅಗಲ ಕಾಲು ಮಿಲಿಮೀಟರ್. ಜಾಗ 5 ಚದರ ಮಿಲಿಮೀಟರಿಗೆ ಇಳಿಯಿತು. ಒತ್ತಿದ ಭಾರ ಅಷ್ಟೇ ಇದೆ, ಚರ್ಮದ ಮೇಲಿನ ಒತ್ತಡ ಎಂಟು ಪಟ್ಟು ಏರಿತು.

ಇದನ್ನು ಕೇಳಿದ ತಕ್ಷಣ ಎಲ್ಲರೂ ಹೇಳುವುದು, ಹಾಗಾದರೆ ಪೂರ್ತಿ ದುಂಡಗೆ ಮಾಡಿಬಿಡೋಣ ಅಂತ. ಇಲ್ಲಿ ಸ್ವಲ್ಪ ನಿಲ್ಲಬೇಕು. 2 ಮಿಲಿಮೀಟರ್ ಬೆನ್ನನ್ನು ಅರ್ಧವೃತ್ತ ಮಾಡಿದರೆ ಏನಾಗುತ್ತದೆ? ಬದಿಯಿಂದ ಒರಗುವ ತೋರುಬೆರಳಿಗೆ ಹಾಯೆನಿಸುತ್ತದೆ. ಮೇಲಿಂದ ಒತ್ತುವ ಅಂಗೈಗೆ ಈಗ ಸಿಗುವುದು ಅರ್ಧವೃತ್ತದ ನೆತ್ತಿ ಮಾತ್ರ. ಮೊದಲಿದ್ದ ಚಪ್ಪಟೆ ಪಟ್ಟಿ ಹೋಯಿತು. ನೇರವಾಗಿ ಒತ್ತುವಾಗ ಅದು ಮೊದಲಿಗಿಂತ ಜಾಸ್ತಿಯೇ ಕೊರೆಯುತ್ತದೆ. ತೆಳು ಬೆನ್ನಿಗೆ ಎರಡು ಅಂಚನ್ನು ಮಾತ್ರ ಮುರಿಯಬೇಕು, ನಡುವೆ ಚಪ್ಪಟೆ ಉಳಿಸಬೇಕು. ಬೆನ್ನು 3, 4 ಮಿಲಿಮೀಟರ್ ಇದ್ದರೆ ಮಾತು ಬೇರೆ. ಅಲ್ಲಿ ಗುಡ್ಡದ ಹಾಗೆ ಮೆಲ್ಲಗೆ ಉಬ್ಬಿಸಬಹುದು, ಜಾಗ ಇದೆ. ಪೂರ್ತಿ ದುಂಡಗಿನ ಬೆನ್ನು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ತೆಳು ಚಾಕುವಿಗೂ ಅದನ್ನೇ ಮಾಡಿಸಿಕೊಳ್ಳುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ತೆಗೆದ ಲೋಹ ಮತ್ತೆ ಬರುವುದಿಲ್ಲ.

ಚಪ್ಪಟೆ ಉಳಿಸುವುದಕ್ಕೆ ಇನ್ನೂ ಮುಖ್ಯವಾದ ಕಾರಣ ಯಾನಗಿಬಾ ನೋಡಿದರೆ ಗೊತ್ತಾಗುತ್ತದೆ. ಹಸಿ ಮೀನನ್ನು ಸಾಶಿಮಿಗೆ ಹೋಳು ಮಾಡುವ ಚಾಕು ಅದು. ಉದ್ದ 270, 300 ಮಿಲಿಮೀಟರ್. ಒಂದೇ ಬದಿ ಮಸೆದಿರುತ್ತಾರೆ. ಇನ್ನೊಂದು ಬದಿ ಸ್ವಲ್ಪ ಒಳಕ್ಕೆ ತಗ್ಗಿದ್ದು, ಹೆಚ್ಚುಕಡಿಮೆ ಚಪ್ಪಟೆ. ಬುಡದಿಂದ ಮೊನೆಯವರೆಗೆ ಒಂದೇ ಎಳೆತದಲ್ಲಿ ಹೋಳು ಬೀಳಬೇಕು. ಹಿಂದೆ ಮುಂದೆ ಗರಗಸದಂತೆ ಎಳೆದರೆ ಮೀನಿನ ಮೈ ಮೇಲೆ ಮೆಟ್ಟಿಲು ಮೂಡುತ್ತದೆ. ಒಂದು ಬದಿಯ ಇಳಿಜಾರು ಮಾತ್ರ ಇರುವುದರಿಂದ ಅಲಗು ಒಳಗಿಳಿದ ಹಾಗೆಲ್ಲ ಚಪ್ಪಟೆ ಬದಿಗೆ ಸರಿಯಲು ನೋಡುತ್ತದೆ. ಬಲಗೈಯವರ ಚಾಕು ಎಡಕ್ಕೆ ಎಳೆಯುತ್ತದೆ. ಅದನ್ನು ತಡೆದು ನೇರ ಇಡುವುದು ತೋರುಬೆರಳು. ಯಾನಗಿಬಾ ಹಿಡಿಯುವಾಗ ಬಾಣಸಿಗರು ತೋರುಬೆರಳನ್ನು ಚಾಚಿ ಬೆನ್ನಿನ ಮೇಲೇ ಇಡುತ್ತಾರೆ. ಬೆರಳಿನ ಮೆತ್ತನೆಯ ತುದಿ ಆ ಚಪ್ಪಟೆ ಪಟ್ಟಿಯ ಮೇಲೆ ಕೂತು, ಅಲಗು ಎಷ್ಟು ವಾಲಿದೆ ಅಂತ ಕಣ್ಣಿಗಿಂತ ಮೊದಲು ತಿಳಿದುಕೊಳ್ಳುತ್ತದೆ. ಪೂರ್ತಿ ದುಂಡಗಿನ ಬೆನ್ನಿನ ಮೇಲೆ ಈ ಸುಳಿವು ಮಸುಕಾಗುತ್ತದೆ. ವಾಲಿದರೂ ನೆಟ್ಟಗಿದ್ದರೂ ಬೆರಳಿಗೆ ಒಂದೇ ಥರ. ಹಾಗಾಗಿ ಯಾನಗಿಬಾಕ್ಕೆ ಅಂಚನ್ನು ಸ್ವಲ್ಪವೇ ಮುರಿಯಬೇಕು. ಬೆರಳಿಗೆ ಪಟ್ಟಿಯ ಎರಡೂ ಕೊನೆ ಗೊತ್ತಾಗಬೇಕು, ಚುಚ್ಚಬಾರದು.

ದೇಬಾ ಇದಕ್ಕೆ ತೀರಾ ಬೇರೆ. ಮೀನಿನ ತಲೆ ಬೇರೆ ಮಾಡಲು, ಮುಳ್ಳು ಸೀಳಲು ಬಳಸುವ ಭಾರದ ಚಾಕು. ದೊಡ್ಡ ದೇಬಾದ ಬೆನ್ನು ಹಿಡಿಯ ಹತ್ತಿರ 6 ಮಿಲಿಮೀಟರಿಗೂ ಜಾಸ್ತಿ ದಪ್ಪ ಇರುತ್ತದೆ. ತಲೆ ಕಡಿಯುವಾಗ ಎಡಗೈಯನ್ನು ಬೆನ್ನಿನ ಮೇಲೆ ಇಟ್ಟು ಒತ್ತುತ್ತಾರೆ. ಇಲ್ಲಿ ಅಂಚನ್ನು ಧಾರಾಳವಾಗಿ ಮುರಿಯಬಹುದು. ಹಿಡಿಯ ಹತ್ತಿರ ಮಾತ್ರ ಮಾಡಿದರೆ ಸಾಲದು, ಎಡಗೈ ಕೂರುವ ನಡುಭಾಗದವರೆಗೂ ಬೇಕು. ಮೀನಿನ ಜಿಡ್ಡು ಮೆತ್ತಿದ ಕೈ ಅದು, ತೀರಾ ಮಿರುಗುವ ಹಾಗೆ ಉಜ್ಜಿದರೆ ಜಾರುತ್ತದೆ. ಕನ್ನಡಿ ಹೊಳಪು ನೋಡಲು ಚೆಂದ, ಒದ್ದೆ ಕೈಗೆ ನಾನು ಅದನ್ನು ಮಾಡಿಕೊಡುವುದಿಲ್ಲ. ತುಸು ಮಂಕಾದ, ಉದ್ದುದ್ದ ಸಣ್ಣ ಗೆರೆಗಳಿರುವ ಮೇಲ್ಮೈ ಬೆರಳಿಗೆ ಹಿಡಿತ ಕೊಡುತ್ತದೆ.

ಇಲ್ಲಿಯವರೆಗೆ ಬೆನ್ನನ್ನು ಅಡ್ಡಕ್ಕೆ ಕತ್ತರಿಸಿ ನೋಡಿದ ಹಾಗೆ ಮಾತಾಡಿದೆ. ಉದ್ದಕ್ಕೆ ನೋಡಿದರೆ ಬೇರೆಯೇ ವಿಷಯ ಸಿಗುತ್ತದೆ, ನನಗೆ ತುಂಬಾ ಇಷ್ಟವಾದ ವಿಷಯ. ಚಾಕುವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಾಯಿ ಕೆಳಗೆ ಮಾಡಿ, ಹಿಡಿಯಿಂದ ಮೊನೆಯ ಕಡೆ ಬೆನ್ನಿನ ಗುಂಟ ನೋಡಿ. ತಗಡಿನಿಂದ ಕತ್ತರಿಸಿದ ಚಾಕು ಬಹುದೂರದವರೆಗೆ ಒಂದೇ ದಪ್ಪ. ಕೊನೆಗೆ ಮೊನೆಯ ಹತ್ತಿರ ಮಾತ್ರ ತೆಳುವಾಗುತ್ತದೆ. ನೀಗಾಟಾ ಪ್ರಾಂತ್ಯದ ಸಾಂಜೋದಲ್ಲಿ ಬಡಿದು ಮಾಡಿದ ಒಳ್ಳೆಯ ಗ್ಯೂಟೋ ಹಾಗಿರುವುದಿಲ್ಲ. ಹಿಡಿಯ ಹತ್ತಿರ 4 ಮಿಲಿಮೀಟರಿನಷ್ಟು ದಪ್ಪ, ನಡುವೆ ಅದರರ್ಧ, ಮೊನೆಯ ಹತ್ತಿರ 1 ಮಿಲಿಮೀಟರಿಗೂ ಕಡಿಮೆ. ಇಳಿಯುತ್ತಾ ಹೋಗುತ್ತದೆ.

ಇದರಿಂದ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಬೆರಳು ಕೂರುವ ಜಾಗದಲ್ಲಿ ದಪ್ಪ ಇರುವುದರಿಂದ ಚಿವುಟಿ ಹಿಡಿಯಲು ಆಧಾರ ಚೆನ್ನಾಗಿ ಸಿಗುತ್ತದೆ. ಭಾರ ಕೈಯ ಹತ್ತಿರ ಉಳಿಯುತ್ತದೆ, ಮೊನೆ ಹಗುರವಾಗುತ್ತದೆ. ಈರುಳ್ಳಿಯನ್ನು ಸಣ್ಣಗೆ ಹೆಚ್ಚುವಾಗ ಅರ್ಧ ಹೋಳಿಗೆ ಅಡ್ಡಲಾಗಿ ಮೊನೆ ತೂರಿಸುತ್ತೀರಲ್ಲ, ಆಗ ನೋಡಬೇಕು. ದಪ್ಪ ಮೊನೆ ಈರುಳ್ಳಿಯನ್ನು ತಳ್ಳುತ್ತದೆ, ಪದರಗಳು ಬಿಚ್ಚಿಕೊಳ್ಳುತ್ತವೆ. ತೆಳು ಮೊನೆ ಒಳಗೆ ಹೋಗಿದ್ದೇ ಗೊತ್ತಾಗುವುದಿಲ್ಲ, ಈರುಳ್ಳಿ ಇದ್ದಲ್ಲೇ ಇರುತ್ತದೆ. ಅಂಚು ಮುರಿಯುವ ಕೆಲಸವನ್ನು ನೀವು ಮನೆಯಲ್ಲೇ ಮಾಡಿಕೊಳ್ಳಬಹುದು. ಈ ಇಳಿತವನ್ನು ಆಮೇಲೆ ಸೇರಿಸುವುದು ಆಗದ ಮಾತು. ಅದು ಬಡಿಯುವಾಗಲೇ, ಸಾಣೆ ಹಿಡಿಯುವಾಗಲೇ ಬಂದಿರಬೇಕು. ದುಡ್ಡು ಕೊಡುವುದಾದರೆ ಇದಕ್ಕೆ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಬೆನ್ನಿನ ಗೆರೆ ಎಲ್ಲಿ ಬಾಗುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮನೆಗಳಲ್ಲಿ ಎಲ್ಲದಕ್ಕೂ ಬಳಸುವ ಸಾಂತೋಕು ಚಾಕುವಿನ ಬೆನ್ನು ಮುಂದೆ ಹೋಗುತ್ತಾ ಬಾಗಿ ಕೆಳಗಿಳಿಯುತ್ತದೆ, ಮೊನೆ ಹಲಗೆಗೆ ಹತ್ತಿರ. ತರಕಾರಿ ಹೆಚ್ಚುವ ನಕಿರಿ ಚಾಕುವಿನ ಬೆನ್ನು ನೇರ, ಅದಕ್ಕೆ ಮೊನೆಯೇ ಇಲ್ಲ.

ಇನ್ನು ಬೆನ್ನಿನ ಮುಂಭಾಗ. ಇದನ್ನು ನಾನು ಮುಟ್ಟಲು ಬಿಡುವುದಿಲ್ಲ. ಜಪಾನಿನ ಅಡುಗೆಯಲ್ಲಿ ಬೆನ್ನು ಕೂಡ ಒಂದು ಸಲಕರಣೆ. ಗೋಬೋ ಅಂತ ಒಂದು ಉದ್ದನೆಯ ಕಂದು ಬೇರು, ತರಕಾರಿಯಾಗಿ ತಿನ್ನುತ್ತಾರೆ. ಅದರ ಪರಿಮಳ ಇರುವುದು ಸಿಪ್ಪೆಯ ಹತ್ತಿರ. ಸಿಪ್ಪೆ ಹೆರೆದರೆ ಪರಿಮಳವೂ ಹೋಯಿತು. ಅದಕ್ಕೇ ಚಾಕುವನ್ನು ಮಗುಚಿ ಬೆನ್ನಿನ ಅಂಚಿನಿಂದ ಮೇಲಿನ ಪೊರೆಯನ್ನಷ್ಟೇ ಕೆರೆದು ತೆಗೆಯುತ್ತಾರೆ. ಮಾಂಸವನ್ನು ಮೆತ್ತಗೆ ಮಾಡಲು ಬೆನ್ನಿನಿಂದಲೇ ತಟ್ಟುತ್ತಾರೆ. ನಮ್ಮ ಶುಂಠಿಯ ಸಿಪ್ಪೆಯೂ ಹಾಗೇ ಚೆನ್ನಾಗಿ ಬರುತ್ತದೆ, ಮಾಡಿ ನೋಡಿ. ದುಂಡಗಿನ ಬೆನ್ನು ಕೆರೆಯುವುದಿಲ್ಲ, ಬರೀ ಜಾರುತ್ತದೆ. ಹಾಗಾಗಿ ನನ್ನ ಕ್ರಮ ಇಷ್ಟು: ಹಿಡಿಯಿಂದ ಮುಂದಕ್ಕೆ ನಾಲ್ಕು ಬೆರಳಿನಷ್ಟು ಉದ್ದ ನುಣುಪು, ಅಲ್ಲಿಂದ ಮುಂದೆ ನಿಧಾನವಾಗಿ ಬಿಟ್ಟುಕೊಟ್ಟು, ಮೊನೆಯ ಕಡೆಯ ಅರ್ಧ ಇದ್ದ ಹಾಗೇ. ಅಲ್ಲಿಗೆ ಬೆರಳು ಹೋಗುವುದಿಲ್ಲ, ಅಂಚು ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಬಾಯಿಯ ಹಿಂದಿನ ಮೂಲೆಗೂ ಇದೇ ಮಾತು. ಆಲೂಗಡ್ಡೆಯ ಕಣ್ಣು ಕಿತ್ತು ತೆಗೆಯಲು ಜಪಾನಿನ ಮನೆಗಳಲ್ಲಿ ಆ ಮೂಲೆಯನ್ನೇ ಬಳಸುತ್ತಾರೆ. ಮೊನೆಗಿಂತ ಅಲ್ಲೇ ಕೈ ತಪ್ಪಿ ಕುಯ್ದುಕೊಳ್ಳುವುದು ಜಾಸ್ತಿ ಅಂತ ಭಯ ಇದ್ದರೆ, ಕಲ್ಲಿನ ಮೇಲೆ ಎರಡು ಸಲ ಮುಟ್ಟಿಸಿ ತುದಿ ಮಾತ್ರ ಮೊಂಡು ಮಾಡಿ. ಪೂರ್ತಿ ಉಜ್ಜಿ ಹಾಕಬೇಡಿ.

ಈಗ ಕೈಯಿಂದ ಹೇಗೆ ಮಾಡುವುದು ಅಂತ ತೋರಿಸುತ್ತೇನೆ. ಮೊದಲು ಬಾಯಿಯನ್ನು ದಪ್ಪ ರಟ್ಟಿನಲ್ಲಿ ಮುಚ್ಚಿ ಟೇಪ್ ಸುತ್ತಬೇಕು. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಎರಡು ಮರದ ತುಂಡಿನ ನಡುವೆ ಅಲಗನ್ನು ಇಟ್ಟು ವೈಸ್‌ನಲ್ಲಿ ಬಿಗಿಯಬೇಕು, ಬೆನ್ನು ಮೇಲೆ. ಕಬ್ಬಿಣದ ದವಡೆ ನೇರವಾಗಿ ಅಲಗಿಗೆ ತಾಗಬಾರದು. ಅಂಚಿನ ಗುಂಟ ಮಾರ್ಕರ್ ಪೆನ್ನಿನಿಂದ ಕಪ್ಪು ಗೆರೆ ಎಳೆಯಿರಿ. ಚಪ್ಪಟೆ ಮರದ ಪಟ್ಟಿಗೆ 240 ನಂಬರಿನ ಎಮ್ರಿ ಪೇಪರ್ ಸುತ್ತಿ, 45 ಡಿಗ್ರಿ ಓರೆ ಹಿಡಿದು, ಅಂಚಿನ ಮೇಲೆ ಉದ್ದಕ್ಕೆ ಉಜ್ಜಿ. ಕಪ್ಪು ಗೆರೆ ಎಲ್ಲಿ ಹೋಯಿತೋ ಅಲ್ಲಿ ಲೋಹ ಹೋಗಿದೆ. ಗೆರೆ ಒಂದೇ ಸಮ ಮಾಯವಾದರೆ ನಿಮ್ಮ ಕೈ ನೆಟ್ಟಗಿದೆ. ಹೊಸದಾಗಿ ಹುಟ್ಟಿದ ಇಳಿಜಾರಿಗೆ ಮೇಲೊಂದು ಕೆಳಗೊಂದು ಸಣ್ಣ ಅಂಚು ಇರುತ್ತದೆ, ಅವನ್ನೂ ಹಗುರವಾಗಿ ಮುರಿಯಿರಿ. ಆಮೇಲೆ ಬಟ್ಟೆ ಬೆನ್ನಿನ ಎಮ್ರಿಯನ್ನು ಒಂದು ಬೆರಳಗಲ ಕತ್ತರಿಸಿ, ಬೂಟಿಗೆ ಪಾಲಿಶ್ ಹಾಕುವವರು ಬಟ್ಟೆ ಎಳೆಯುವಂತೆ ಆ ಕಡೆ ಈ ಕಡೆ ಎಳೆಯಿರಿ. 400, ಆಮೇಲೆ 600. ಕೊನೆಗೆ ಗೀರುಗಳೆಲ್ಲ ಉದ್ದಕ್ಕೆ ಬರುವಂತೆ ಒಂದು ಸಲ ಎಳೆದು ಮುಗಿಸಿ. ತುಕ್ಕು ಹಿಡಿಯುವ ಕಾರ್ಬನ್ ಉಕ್ಕಾದರೆ 1000ದವರೆಗೆ ಹೋಗಿ. ಒರಟು ಗೀರಿನಲ್ಲಿ ನೀರು ನಿಲ್ಲುತ್ತದೆ, ತುಕ್ಕು ಅಲ್ಲಿಂದಲೇ ಶುರು.

ಚಾಕುವಿನ ಒಳರಚನೆ ಗೊತ್ತಿದ್ದರೆ ಕೆಲಸ ಸಲೀಸು. ಗಟ್ಟಿ ಉಕ್ಕನ್ನು ಮೆದು ಕಬ್ಬಿಣದ ಸೀಳಿನಲ್ಲಿ ಸಿಕ್ಕಿಸಿ ಬೆಸೆಯುವ ವಾರಿಕೋಮಿ ಪದ್ಧತಿಯಲ್ಲಿ ಬೆನ್ನು ಪೂರ್ತಿ ಮೆದು, ಅರ ಹಾಕಿದರೂ ತಿನ್ನುತ್ತದೆ. ಸಾನ್‌ಮಾಯಿಯಲ್ಲಿ ಎರಡು ಮೆದು ಪದರದ ನಡುವೆ ಗಟ್ಟಿ ಉಕ್ಕು ಬೆನ್ನಿನವರೆಗೂ ಬಂದಿರುತ್ತದೆ. ಬೆನ್ನನ್ನು ಉಜ್ಜಿದ ಮೇಲೆ ನಡುವೆ ಬಣ್ಣ ಬೇರೆಯಾದ ಗೆರೆ ಕಾಣುವುದು ಅದೇ. ಅಂಚುಗಳು ಮೆದು ಪದರದಲ್ಲೇ ಇರುವುದರಿಂದ ಕಷ್ಟವಿಲ್ಲ. ಒಂದೇ ಉಕ್ಕಿನಲ್ಲಿ ಮಾಡಿದ ಗಟ್ಟಿ ಸ್ಟೇನ್‌ಲೆಸ್ ಚಾಕುವಿನ ಮೇಲೆ ಅರ ಸುಮ್ನೆ ಜಾರುತ್ತದೆ, ಅಲ್ಲಿ ಎಮ್ರಿಯೇ ಗತಿ. ಮೋಟಾರ್ ಬೆಲ್ಟ್ ಬಳಸಬೇಡಿ. ಈ ಉಕ್ಕುಗಳನ್ನು ಹದ ಮಾಡುವುದೇ 200 ಡಿಗ್ರಿಯ ಆಸುಪಾಸಿನಲ್ಲಿ. ತೆಳು ಅಲಗು ಬೆಲ್ಟಿನ ಮೇಲೆ ಕ್ಷಣದಲ್ಲಿ ಅದಕ್ಕಿಂತ ಜಾಸ್ತಿ ಕಾಯುತ್ತದೆ. ಹದ ಹೋದರೆ ಬಾಯಿ ಹರಿತ ಹಿಡಿಯುವುದಿಲ್ಲ.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಿ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು: "ಅಲ್ಲಾ ಸಾರ್, ನಮ್ಮೂರಲ್ಲಿ ಕತ್ತಿ ಹಿಂಬದಿಯಿಂದ ತೆಂಗಿನಕಾಯಿ ಒಡೀತೀವಿ. ಇದರ ಬೆನ್ನು ಮೆದು ಕಬ್ಬಿಣ ಅಂತೀರಿ, ಇದರಲ್ಲೂ ಒಡೀಬಹುದಾ?"

ಬೇಡಮ್ಮ. ಬೆನ್ನು ಮೆದು ನಿಜ. ಪೆಟ್ಟು ಬೆನ್ನಿನಲ್ಲೇ ನಿಲ್ಲುವುದಿಲ್ಲ, ಇಡೀ ಅಲಗಿಗೆ ಹೋಗುತ್ತದೆ. ಬಾಯಿಯ ಉಕ್ಕು ಗಟ್ಟಿ, ಗಟ್ಟಿ ಉಕ್ಕು ಬಾಗುವ ಬದಲು ಚಕ್ಕೆ ಏಳುತ್ತದೆ. ಅಲಗಿನ ಬಾಲವನ್ನು ಹೆಚ್ಚಾಗಿ ಕಾಯಿಸಿ ಹಿಡಿಯ ಮರದೊಳಗೆ ಇಳಿಸಿರುತ್ತಾರೆ. ಹತ್ತು ಕಾಯಿ ಒಡೆಯುವಷ್ಟರಲ್ಲಿ ಅದು ಸಡಿಲವಾಗುತ್ತದೆ. ನಿಮ್ಮ ಕತ್ತಿಯೇ ಆ ಕೆಲಸಕ್ಕೆ ಸರಿ.

ಇನ್ನೊಬ್ಬರು ಹೋನ್‌ಯಾಕಿ ಬಗ್ಗೆ ಕೇಳಿದರು. ಅದು ಒಂದೇ ಉಕ್ಕಿನ ಚಾಕು. ಬೆನ್ನಿಗೆ ಮಣ್ಣನ್ನು ದಪ್ಪಗೆ ಮೆತ್ತಿ ನೀರಿನಲ್ಲೋ ಎಣ್ಣೆಯಲ್ಲೋ ಅದ್ದುತ್ತಾರೆ. ಮಣ್ಣಿದ್ದ ಕಡೆ ನಿಧಾನವಾಗಿ ತಣ್ಣಗಾಗಿ ಬೆನ್ನು ಮೆದುವಾಗಿ ಉಳಿಯುತ್ತದೆ, ಬಾಯಿ ಗಟ್ಟಿಯಾಗುತ್ತದೆ. ಎಮ್ರಿಯಿಂದ ಮಾಡಲು ತೊಂದರೆ ಇಲ್ಲ. ಆದರೆ ಅಷ್ಟು ಬೆಲೆಯ ಚಾಕುವಿನ ಬೆನ್ನನ್ನು ಮಾಡಿದವರೇ ಸಾಮಾನ್ಯವಾಗಿ ಚೆನ್ನಾಗಿ ಮುಗಿಸಿರುತ್ತಾರೆ. ಉಗುರು ಎಳೆದು ನೋಡಿ, ಕೆರೆಯದಿದ್ದರೆ ಕೈ ಹಾಕಬೇಡಿ.

ಕೊನೆಗೆ ಒಬ್ಬ ಹುಡುಗ, ಹೊಸ ಚಾಕು ತಂದ ದಿನವೇ ಇದನ್ನು ಮಾಡಿಬಿಡಬೇಕಾ ಅಂತ ಕೇಳಿದ. ಬೇಡಪ್ಪ, ಮೊದಲು ಒಂದೆರಡು ವಾರ ಬಳಸು. ದಿನಾ ಹೆಚ್ಚುವಷ್ಟು ಹೆಚ್ಚು. ಕೆಲಸ ಮುಗಿದ ತಕ್ಷಣ, ಕೈ ತೊಳೆಯುವ ಮೊದಲು, ತೋರುಬೆರಳಿನ ಬದಿ ನೋಡಿಕೊ. ಕೆಂಪು ಗೆರೆ ಎಲ್ಲಿ ಬಿದ್ದಿದೆಯೋ ನೋಡಿ, ಚಾಕುವನ್ನು ಮತ್ತೆ ಹಾಗೇ ಹಿಡಿದು, ಅದು ತಾಗುವ ಜಾಗಕ್ಕೆ ಮಾರ್ಕರ್ ಗುರುತು ಹಾಕು. ಒಬ್ಬೊಬ್ಬರ ಕೈ ಒಂದೊಂದು ಥರ. ನಿನ್ನ ಗುರುತು ಹಿಡಿಯಿಂದ ಎರಡು ಬೆರಳಿನಷ್ಟು ದೂರದಲ್ಲೇ ಮುಗಿದರೆ ಅಷ್ಟೇ ಸಾಕು, ನಾನು ಹೇಳಿದ ನಾಲ್ಕು ಬೆರಳಿನ ಅಳತೆ ಬೇಕಿಲ್ಲ. ಬಲಗೈಯವನಾದರೆ ಎಡ ಅಂಚಿಗೂ ಬಲ ಅಂಚಿಗೂ ಗುರುತು ಒಂದೇ ಸಮ ಬರುವುದಿಲ್ಲ, ಅದನ್ನೂ ನೋಡು. ಗುರುತು ಇದ್ದಷ್ಟು ಮಾತ್ರ ಉಜ್ಜು. ಮತ್ತೆ ಒಂದು ವಾರ ಬಳಸಿ, ಇನ್ನೂ ಚುಚ್ಚಿದರೆ ಮತ್ತೊಂದು ಸುತ್ತು.